ಮೋಟಾರು ಆಸನದ ಹೊದಿಕೆ: ಅದರ ಪೂರ್ವಚರಿತ್ರೆಯೂ ಜೀರ್ಣೋದ್ಧಾರವೂ

ಅರಸರ ಸಿಂಹಾಸನಗಳ ಚರಿತ್ರೆಯನ್ನು ಬರೆದವರು ಬಹುಮಂದಿ ಇದ್ದಾರೆ. ಜನಸಾಮಾನ್ಯರು ದಿನವೂ ಕುಳಿತೇಳುವ ಆಸನಗಳ ಚರಿತ್ರೆಯನ್ನು ವಿಚಾರಿಸುವವರು ವಿರಳ. ಮೋಟಾರು ಗಾಡಿಯ ಆಸನಕ್ಕೆ ಹೊದಿಸಿರುವ, ನೋಟಕ್ಕೆ ತೊಗಲಿನಂತಿದ್ದರೂ ತೊಗಲಲ್ಲದ ಪದಾರ್ಥವನ್ನು ನಮ್ಮ ನಾಡಿನಲ್ಲಿ ಎಲ್ಲರೂ ‘ರೆಕ್ಸಿನ್’ ಎಂದು ಕರೆಯುತ್ತಾರೆ. ಅದು ಬಿರುಕುಬಿಟ್ಟು ಒಳಗಿನ ಸ್ಪಂಜು ಕಾಣಿಸಿಕೊಂಡಾಗ ಮೇಲೊಂದು ಗೌಸನ್ನು ಎಳೆದು ಮುಚ್ಚುವುದು, ಇಲ್ಲವೆ ಇದ್ದುದೆಲ್ಲವನ್ನೂ ಕಿತ್ತು ಹೊಸದನ್ನು ಹೊಲಿಸುವುದು, ಇವೆರಡೇ ವಾಡಿಕೆಯಲ್ಲಿರುವ ಪರಿಹಾರಗಳು. ಅದು ಏತಕ್ಕೆ ಬಿರಿಯಿತು ಎಂದು ಕೇಳುವವರು ಕಡಮೆ. ಕಾರಣವನ್ನರಿಯದೆ ಮಾಡಿದ ಚಿಕಿತ್ಸೆಯು ನಿಲ್ಲದೆಂಬುದು ವೈದ್ಯರು ಮಾತ್ರವೇ ಬಲ್ಲ ಸಂಗತಿಯಲ್ಲ. ಈ ಹೊದಿಕೆಯು ಎಲ್ಲಿ ಹುಟ್ಟಿತು, ಯಾವುದರಿಂದ ಮೃದುವಾಯಿತು, ಯಾವುದನ್ನು ಕಳೆದುಕೊಂಡು ಒಡೆಯುತ್ತದೆ ಎಂಬ ವೃತ್ತಾಂತವನ್ನು ತಿಳಿದುಕೊಂಡರೆ, ಅದನ್ನು ಮನೆಯಲ್ಲಿಯೇ ಸರಿಪಡಿಸುವ ಕ್ರಮವೂ ತಾನಾಗಿ ತಿಳಿದುಬರುತ್ತದೆ. ಆ ವೃತ್ತಾಂತವನ್ನು ಸಂಗ್ರಹವಾಗಿ ನಿವೇದಿಸುವುದೇ ಈ ಲೇಖನದ ಉದ್ದೇಶವು.

ಮೋಟಾರು ಗಾಡಿಯು ಕುದುರೆ ಸಾರೋಟಿನ ಸಂತಾನ. ಆದುದರಿಂದ ಮೊದಮೊದಲಿನ ಮೋಟಾರುಗಳಿಗೆ ಸಾರೋಟಿಗಿದ್ದಂತೆಯೇ ನಿಜವಾದ ತೊಗಲಿನ ಆಸನಗಳಿದ್ದವು. ತೊಗಲು ಪ್ರಾಣಿಯ ಮೈಯಿಂದ ಬಂದದ್ದು. ಅದರ ನಾರಿನಂಥ ಎಳೆಗಳ ನಡುವೆ ಕೊಬ್ಬಿನ ಅಂಶವಿದ್ದರೆ ಮಾತ್ರ ಅದು ಬಾಗುತ್ತದೆ, ಒಣಗಿದರೆ ಸೀಳುತ್ತದೆ. ಇದನ್ನರಿತಿದ್ದ ನಮ್ಮ ಜಟಕಾ ಗಾಡಿಯವರು ಕುದುರೆಯ ಜೀನಿಗೂ ಬಾರುಗಳಿಗೂ ಆಗಾಗ ಎಣ್ಣೆ ಸವರುತ್ತಿದ್ದರು. ತೊಗಲು ಎಣ್ಣೆಯನ್ನು ಹೀರಿ ಮತ್ತೆ ಮೆದುವಾಗುವುದು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಏಕೆಂದರೆ ತೊಗಲಿಗೆ ಹಿತವಾದ ಈ ಉಪಚಾರವು ತೊಗಲಿನ ವೇಷ ಹಾಕಿದ ಪದಾರ್ಥಕ್ಕೆ ಹೇಗೆ ಅಹಿತವೆಂಬುದನ್ನು ಮುಂದೆ ಹೇಳಬೇಕಾಗಿದೆ.

ತೊಗಲಿನ ಬೆಲೆ ಹೆಚ್ಚು. ಆದುದರಿಂದ ಅದಕ್ಕೆ ಬದಲಿಯನ್ನು ಹುಡುಕುವ ಪ್ರಯತ್ನವು ಯೂರೋಪಿನಲ್ಲಿ ಮೋಟಾರು ಹುಟ್ಟುವುದಕ್ಕಿಂತ ಬಹು ಹಿಂದೆಯೇ ಮೊದಲಾಗಿತ್ತು. ಬಟ್ಟೆಗೆ ಅಗಸೆಯೆಣ್ಣೆಯನ್ನು ಕಾಯಿಸಿ ಬಳಿದು ಒಣಗಿಸಿದರೆ ನೀರು ಹಿಡಿಯದ ಮೇಣಗಪಡವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದರ ಮೇಲೆ ಬಣ್ಣವನ್ನೂ ಹೊಳಪನ್ನೂ ಕೊಟ್ಟು, ತೊಗಲಿನ ಗೆರೆಗಳನ್ನು ಒತ್ತಿ, ಸಾರೋಟುಗಳಿಗೂ ಕುರ್ಚಿಗಳಿಗೂ ಹೊದಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಇದಕ್ಕೆ ‘ಅಮೆರಿಕನ್ ಬಟ್ಟೆ’ ಎಂಬ ಹೆಸರು ರೂಢಿಯಾಗಿತ್ತು. ಆದರೆ ಅಗಸೆಯೆಣ್ಣೆಯು ಗಾಳಿಯ ಸಂಪರ್ಕದಿಂದ ವರ್ಷವರ್ಷಕ್ಕೂ ಗಟ್ಟಿಯಾಗುತ್ತಲೇ ಹೋಗುವ ಸ್ವಭಾವದ್ದು. ಆದುದರಿಂದ ಮಡಿಕೆ ಬಿದ್ದ ಕಡೆಯಲ್ಲೆಲ್ಲ ಈ ಬಟ್ಟೆಯು ಬಿರಿಯುತ್ತಿತ್ತು.

ಎರಡನೆಯ ಪ್ರಯತ್ನವು ಹತ್ತಿಯಿಂದ ಬಂತು. ಹತ್ತಿಯನ್ನು ತೀಕ್ಷ್ಣವಾದ ಆಮ್ಲಗಳಲ್ಲಿ ಅದ್ದಿ ತೆಗೆದರೆ ಅದು ಸಿಡಿಮದ್ದಿನ ಗುಣವನ್ನು ಪಡೆಯುವುದೆಂದು ಬಾಸೆಲ್ ನಗರದ ಶೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞನು ೧೮೪೬ರಲ್ಲಿ ಪ್ರಕಟಪಡಿಸಿದನು. ಇದೇ ಜಾತಿಯ, ಆದರೆ ಸೌಮ್ಯವಾದ ಪದಾರ್ಥವನ್ನು ದ್ರಾವಕಗಳಲ್ಲಿ ಕರಗಿಸಿದರೆ ಅಂಟಾದ ಪಾಕವಾಗುವುದು. ಅದು ಆರಿದ ಮೇಲೆ ಗಡುಸಾಗಿ ಒಡೆಯುವುದು. ಇಂಗ್ಲೆಂಡಿನ ಅಲೆಕ್ಸಾಂಡರ್ ಪಾರ್ಕ್ಸ್ ಎಂಬವನು ಇದಕ್ಕೆ ಹರಳೆಣ್ಣೆಯೇ ಮೊದಲಾದ ಎಣ್ಣೆಗಳನ್ನು ಬೆರಸಿ ಮೃದುಗೊಳಿಸಿ, ತಾನು ತಯಾರಿಸಿದ ವಸ್ತುಗಳನ್ನು ೧೮೬೨ರ ಲಂಡನ್ ಪ್ರದರ್ಶನದಲ್ಲಿ ಇಟ್ಟನು. ನಮ್ಮ ಬಯಲುಸೀಮೆಯ ಹೊಲದ ಬದುಗಳಲ್ಲಿ ಬೆಳೆಯುವ ಹರಳು, ಯಾರ ಗಮನಕ್ಕೂ ಬಾರದೆ, ಕೃತಕ ತೊಗಲಿನ ಚರಿತ್ರೆಯಲ್ಲಿ ಹೀಗೆ ಪ್ರವೇಶಿಸಿತು. ಮುಂದೆ ಇಂಥ ಪಾಕವನ್ನು ಹತ್ತಿಬಟ್ಟೆಯ ಮೇಲೆ ಪದರಪದರವಾಗಿ ಬಳಿದು, ಕೆತ್ತನೆಯ ಉರುಳೆಗಳ ನಡುವೆ ಹಾಯಿಸಿ, ತೊಗಲಿನ ಮೈಗೆರೆಗಳನ್ನು ಮೂಡಿಸುವ ಕಾರ್ಖಾನೆಗಳು ಹುಟ್ಟಿದವು. ಮ್ಯಾಂಚೆಸ್ಟರಿನ ಬಳಿಯ ಹೈಡ್ ಎಂಬ ಊರಿನ ಇಂಥದೊಂದು ಕಾರ್ಖಾನೆಯು ತನ್ನ ಬಟ್ಟೆಗೆ ಇಟ್ಟ ವ್ಯಾಪಾರದ ಹೆಸರೇ ‘ರೆಕ್ಸಿನ್’. ರೈಲುಡಬ್ಬಿಗಳಿಗೂ ಮೋಟಾರುಗಳಿಗೂ ಪುಸ್ತಕದ ರಟ್ಟುಗಳಿಗೂ ಇದು ಬಳಕೆಗೆ ಬಂತು. ನಮ್ಮಲ್ಲಿ ಈಗ ಮಾರಾಟವಾಗುವ ಬಟ್ಟೆಯ ಘಟಕದ್ರವ್ಯವೇ ಬೇರೆಯಾಗಿದ್ದರೂ ಹಳೆಯ ಹೆಸರು ಮಾತ್ರ ಉಳಿದುಕೊಂಡಿದೆ.

ಅಮೆರಿಕದಲ್ಲಿಯೂ ಕಥೆ ಹೀಗೆಯೇ ನಡೆಯಿತು. ನ್ಯೂಯಾರ್ಕ್ ಪ್ರಾಂತದ ನ್ಯೂಬರ್ಗ್ ಎಂಬಲ್ಲಿದ್ದ ‘ಫ್ಯಾಬ್ರಿಕಾಯ್ಡ್’ ಕಂಪೆನಿಯನ್ನು ಸಿಡಿಮದ್ದಿನ ವ್ಯಾಪಾರದಲ್ಲಿ ಪ್ರಸಿದ್ಧವಾಗಿದ್ದ ಡ್ಯುಪಾಂಟ್ ಸಂಸ್ಥೆಯು ೧೯೧೦ರಲ್ಲಿ ಕೊಂಡಿತು. ಮದ್ದನ್ನು ಮಾಡುವವರು ಆಸನದ ಬಟ್ಟೆಯನ್ನು ಮಾಡಹೊರಟದ್ದು ವಿಚಿತ್ರವೆನಿಸಬಹುದು. ಎರಡಕ್ಕೂ ಮೂಲದ್ರವ್ಯ ಒಂದೇ ಎಂಬುದನ್ನು ನೆನೆದರೆ ವಿಚಿತ್ರವೇನೂ ಇಲ್ಲ. ೧೯೦೮ರಲ್ಲಿ ಹೊರಟ ಫೋರ್ಡ್ ಕಂಪೆನಿಯ ‘ಮಾಡೆಲ್ ಟಿ’ ಗಾಡಿಯು ೧೯೨೭ರ ಹೊತ್ತಿಗೆ ಒಂದೂವರೆ ಕೋಟಿಯಷ್ಟು ತಯಾರಾಯಿತು. ಅಷ್ಟೊಂದು ಗಾಡಿಗಳಿಗೆ ಬೇಕಾಗುವ ತೊಗಲನ್ನು ದನಕರುಗಳಿಂದ ಹೊಂದಿಸುವುದು ಸುಲಭವಾಗಿರಲಿಲ್ಲ. ಕೃತಕ ತೊಗಲು ಹೀಗೆ ಅನಿವಾರ್ಯವಾಯಿತು. ಆದರೆ ಅದಕ್ಕೆ ಎರಡು ದೋಷಗಳಿದ್ದವು: ಬೆಂಕಿ ಬೇಗನೆ ಹಿಡಿಯುತ್ತಿತ್ತು, ಮತ್ತು ವರ್ಷಗಳು ಕಳೆದಂತೆ ಎಣ್ಣೆಯ ಅಂಶವು ಹೊರಬಿದ್ದು ಮೈ ಬಿರಿಯುತ್ತಿತ್ತು.

ಇನ್ನು ಮೂರನೆಯ ಪದಾರ್ಥವಾದ ವಿನೈಲಿಗೆ ಬರೋಣ. ಇದರ ಜನ್ಮಕಥೆಯು ಬಹಳ ಸ್ವಾರಸ್ಯವಾದುದು. ೧೮೩೫ರಲ್ಲಿ ಫ್ರಾನ್ಸಿನ ರೆನ್ಯೋ ಎಂಬ ವಿದ್ವಾಂಸನು ವಿನೈಲ್ ಕ್ಲೋರೈಡ್ ಎಂಬ ಅನಿಲವನ್ನು ಮೊಟ್ಟಮೊದಲು ತಯಾರಿಸಿದನು. ೧೮೭೨ರಲ್ಲಿ ಜರ್ಮನಿಯ ಬೌಮನ್ ಎಂಬವನು ಇದೇ ಅನಿಲವನ್ನು ಗಾಜಿನ ನಾಳದಲ್ಲಿಟ್ಟು ಸೂರ್ಯನ ಬೆಳಕಿಗೆ ಒಡ್ಡಿದಾಗ ಒಳಗೆ ಬಿಳಿಯ ಘನಪದಾರ್ಥವೊಂದು ಕೂಡಿಕೊಂಡಿತು. ಬೆಳಕಿನ ಪ್ರೇರಣೆಯಿಂದ ಅನಿಲದ ಸಣ್ಣ ಅಣುಗಳು ಒಂದರ ಕೈಯನ್ನೊಂದು ಹಿಡಿದು ಉದ್ದವಾದ ಸರಪಣಿಗಳಾದವು ಎಂದು ನಾವು ಈಗ ಬಲ್ಲೆವು. ಆ ಕಾಲದಲ್ಲಿ ಅದರ ಉಪಯೋಗವು ಯಾರಿಗೂ ತೋಚಲಿಲ್ಲ. ೧೯೧೩ರಲ್ಲಿ ಜರ್ಮನಿಯ ಕ್ಲಾಟೆ ಎಂಬವನು ಈ ವಸ್ತುವಿನ ತಯಾರಿಕೆಗೆ ಪೇಟೆಂಟನ್ನು ಪಡೆದನಾದರೂ ಅವನ ಕಂಪೆನಿಯು ಅದರಿಂದ ಲಾಭವನ್ನು ಕಾಣಲಿಲ್ಲ. ಕಾರಣವಿಷ್ಟೆ: ಶುದ್ಧವಾದ ಈ ಪದಾರ್ಥವು ಬಿಳಿಯ ಪುಡಿ, ಕಾಯಿಸಿ ಅಚ್ಚು ಹಾಕಿದರೆ ಬಿರುಸಾಗಿ ನಿಲ್ಲುವುದು, ಹೆಚ್ಚಾಗಿ ಕಾಯಿಸಿದರೆ ಕೆಟ್ಟುಹೋಗಿ ಆಮ್ಲದ ಹೊಗೆಯನ್ನು ಬಿಡುವುದು.

ಈ ಗಂಟನ್ನು ಬಿಡಿಸಿದವನು ಅಮೆರಿಕದ ಓಹಾಯೋ ಪ್ರಾಂತದ ಅಕ್ರಾನ್ ನಗರದಲ್ಲಿ ಬಿ. ಎಫ್. ಗುಡ್‌ರಿಚ್ ಎಂಬ ರಬ್ಬರು ಕಂಪೆನಿಯ ನೌಕರಿಯಲ್ಲಿದ್ದ ವಾಲ್ಡೋ ಸೀಮನ್ (೧೮೯೮–೧೯೯೯). ೧೯೨೬ರಲ್ಲಿ ಅವನು ಹುಡುಕುತ್ತಿದ್ದುದು ಆಸನದ ಬಟ್ಟೆಯನ್ನಲ್ಲ. ರಬ್ಬರನ್ನು ಲೋಹಕ್ಕೆ ಹಿಡಿಸುವ ಅಂಟನ್ನು. ಹೆಚ್ಚು ಶಾಖದಲ್ಲಿ ಮಾತ್ರ ಕುದಿಯುವ ಎಣ್ಣೆಯಂಥ ದ್ರವಗಳಲ್ಲಿ ಆ ಬಿಳಿಯ ಪುಡಿಯನ್ನು ಕಾಯಿಸಿ ಆರಲಿಟ್ಟಾಗ, ಬಗ್ಗಿಸಿದರೆ ಬಗ್ಗುವ, ಎಳೆದರೆ ಹಿಗ್ಗುವ ರಬ್ಬರಿನಂಥ ವಸ್ತು ಅವನ ಕೈಗೆ ಬಂತು. ಇದರ ಪೇಟೆಂಟು ೧೯೩೩ರಲ್ಲಿ ದೊರೆಯಿತು. ಮೊದಲು ಮಳೆಯಂಗಿ, ಕೊಡೆ, ಸ್ನಾನದ ಮನೆಯ ಪರದೆಗಳಿಗೆ ಇದನ್ನು ಬಳಸಿದರು. ಅಂಟನ್ನು ಅರಸಿ ಹೊರಟವನಿಗೆ ಸಿಕ್ಕಿದ್ದು ಯಾವುದಕ್ಕೂ ಸುಲಭವಾಗಿ ಅಂಟದ ಪದಾರ್ಥ! ವಿನೈಲಿನ ಹರಿದ ಬಾಯಿಗೆ ಕಂಡಕಂಡ ಗೋಂದನ್ನು ಹಚ್ಚಿ ನಿರಾಶರಾಗುವವರು ಈ ಅಂಶವನ್ನು ಲಕ್ಷಿಸಬೇಕು.

ಪಾಠಶಾಲೆಗಳಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ಇಪ್ಪತ್ತನಾಲ್ಕು ಗುಣಗಳ ಎಣಿಕೆಯಲ್ಲಿ ‘ಸ್ನೇಹ’ವೆಂಬುದೂ ಒಂದೆಂಬುದು ತಿಳಿದಿದೆ. ಹಿಟ್ಟು ಮೊದಲಾದ ಪುಡಿಗಳು ಚದರದೆ ಉಂಡೆಯಾಗುವುದಕ್ಕೆ ಹೇತುವಾದ ಗುಣವೇ ಸ್ನೇಹವೆಂದು ಅಲ್ಲಿ ಹೇಳಿದೆ. ಪ್ರಾಚೀನರು ಆ ಗುಣವನ್ನು ನೀರಿನದೆಂದು ಎಣಿಸಿದರು. ಅವರಿಗೆ ವಿನೈಲಿನ ಪರಿಚಯವಿತ್ತೆಂದು ಸಾಧಿಸಲು ಹೊರಡುವುದು ಹುಚ್ಚಾದೀತು. ಆದರೆ ಸೀಮನ್ನನ ದ್ರವವು ಮಾಡುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ನಮ್ಮ ಭಾಷೆಯಲ್ಲಿ ಸಿಕ್ಕಲಾರದು. ಆದಕಾರಣ ಈ ಲೇಖನದಲ್ಲಿ ಅದನ್ನು ‘ಸ್ನೇಹದ್ರವ’ವೆಂದೇ ಕರೆಯುತ್ತೇವೆ. ಆಸನಕ್ಕೆ ಬಳಸುವ ಮೆತ್ತನೆಯ ವಿನೈಲಿನ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಸ್ನೇಹದ್ರವವೇ ಇರುವುದು ಸಾಮಾನ್ಯ. ಅದು ಸರಪಣಿಗಳ ನಡುವೆ ಸೇರಿಕೊಂಡು, ಅವು ಒಂದರ ಮೇಲೊಂದು ಜಾರುವಂತೆ ಮಾಡುತ್ತದೆ. ಆದರೆ ಸರಪಣಿಗಳೊಂದಿಗೆ ಬೆಸೆದುಕೊಂಡಿರುವುದಿಲ್ಲ. ಛತ್ರದಲ್ಲಿ ತಂಗಿದ ಪಥಿಕನಂತೆ ಸಮಯ ಬಂದಾಗ ಹೊರಟುಹೋಗುತ್ತದೆ. ವಿನೈಲಿನ ಮೃದುತ್ವವು ಅದರ ಸ್ವಂತದ್ದಲ್ಲ, ಕಡವಾಗಿ ಬಂದದ್ದು. ಈ ಒಂದು ಮಾತಿನಲ್ಲಿ ಅದರ ಬಾಳು, ಕೇಡು, ಚಿಕಿತ್ಸೆ ಮೂರೂ ಅಡಗಿವೆ.

ಅಮೆರಿಕದ ಕನೆಕ್ಟಿಕಟ್ ಪ್ರಾಂತದ ನಾಗಟಕ್ ಎಂಬ ಊರಿನಲ್ಲಿ ಕಾರ್ಖಾನೆಯಿದ್ದ ಯು. ಎಸ್. ರಬ್ಬರ್ ಕಂಪೆನಿಯು ೧೯೩೬ರಲ್ಲಿ ‘ನಾಗಹೈಡ್’ ಎಂಬ ಹೆಸರನ್ನು ಬಳಕೆಗೆ ತಂದಿತು. ಬಟ್ಟೆಗೆ ವಿನೈಲನ್ನು ಹೊದಿಸಿದ ಆಸನದ ಹೊದಿಕೆಗೆ ಈ ಹೆಸರು ಪ್ರಸಿದ್ಧವಾಯಿತು. ಊರಿನ ಹೆಸರಿಗೆ ‘ತೊಗಲು’ ಎಂಬರ್ಥದ ಇಂಗ್ಲಿಷ್ ಮಾತನ್ನು ಕೂಡಿಸಿ ಈ ಪದವನ್ನು ಕಟ್ಟಿದ್ದಾರೆ. ಮುಂದೆ ೧೯೬೦ರ ದಶಕದ ಜಾಹೀರಾತುಗಳಲ್ಲಿ, ‘ನಾಗ’ವೆಂಬ ಒಂದು ಕಲ್ಪಿತ ಪ್ರಾಣಿಯು ತಾನು ಸಾಯದೆಯೇ ತನ್ನ ತೊಗಲನ್ನು ಕಳಚಿಕೊಡುತ್ತದೆಂದು ತಮಾಷೆಯಾಗಿ ಚಿತ್ರಿಸಿದರು. ನಮ್ಮ ಓದುಗರಿಗೆ ಪೊರೆ ಬಿಡುವ ನಾಗರಹಾವು ನೆನಪಾದರೆ ಅದು ಕೇವಲ ಆಕಸ್ಮಿಕ. ಆ ಹೆಸರಿಗೂ ನಮ್ಮ ನಾಗನಿಗೂ ಯಾವ ಸಂಬಂಧವೂ ಇಲ್ಲ. ನಡುವೆ ಎರಡನೆಯ ಮಹಾಯುದ್ಧ ಬಂತು. ೧೯೪೨ರಲ್ಲಿ ಮಲಯವು ಜಪಾನಿನ ಕೈಸೇರಿ ರಬ್ಬರು ದುರ್ಲಭವಾದಾಗ, ಯುದ್ಧದ ಹಡಗುಗಳ ವಿದ್ಯುತ್ ತಂತಿಗಳಿಗೆ ವಿನೈಲನ್ನು ಹೊದಿಸಿದರು. ಯುದ್ಧಕ್ಕಾಗಿ ಬೆಳೆದ ಕಾರ್ಖಾನೆಗಳು ಶಾಂತಿಕಾಲದಲ್ಲಿ ಮನೆಯ ಕುರ್ಚಿಗೂ ಮೋಟಾರಿನ ಆಸನಕ್ಕೂ ತಿರುಗಿದವು. ಬಂಗಾಳದ ಉತ್ತರಪಾಡಾದಲ್ಲಿ ೨೦೧೪ರ ವರೆಗೆ ತಯಾರಾಗುತ್ತಿದ್ದ ಅಂಬಾಸಡರ್ ಗಾಡಿಯ ಅಗಲವಾದ ಆಸನಗಳ ಮೇಲೆ ಕುಳಿತು ನಮ್ಮ ನಾಡಿನ ಅಧಿಕಾರಿಗಳೂ ಮದುವೆಯ ದಿಬ್ಬಣಗಳೂ ಪ್ರಯಾಣ ಮಾಡಿದ ಕಾಲದಲ್ಲಿ ಈ ಹೊದಿಕೆಯು ನಮಗೂ ಚಿರಪರಿಚಿತವಾಯಿತು.

ಈ ಚರಿತ್ರೆಯಲ್ಲಿ ದುಃಖದ ಅಧ್ಯಾಯವೊಂದುಂಟು. ಅದನ್ನು ಬಿಟ್ಟು ಬರೆದರೆ ಲೇಖನವು ಅಪೂರ್ಣವಾದೀತು. ೧೯೭೪ರಲ್ಲಿ ಅಮೆರಿಕದ ಕೆಂಟಕಿ ಪ್ರಾಂತದ ಲೂಯಿವಿಲ್ ನಗರದಲ್ಲಿದ್ದ ಗುಡ್‌ರಿಚ್ ಕಂಪೆನಿಯ ಕಾರ್ಖಾನೆಯ ಕೆಲಸಗಾರರಲ್ಲಿ, ಯಕೃತ್ತಿಗೆ ತಗಲುವ ಅತ್ಯಂತ ವಿರಳವಾದ ಅರ್ಬುದರೋಗವು ಒಬ್ಬರಾದ ಮೇಲೊಬ್ಬರಿಗೆ ಬಂದು ಅವರು ಮಡಿದರೆಂಬುದು ಬಹಿರಂಗವಾಯಿತು. ಅನಿಲವು ಘನವಾಗುವ ದೊಡ್ಡ ಕಡಾಯಿಗಳ ಒಳಗಿಳಿದು ಗೋಡೆಗೆ ಹತ್ತಿದ ಅಂಟನ್ನು ಕೆರೆದು ತೆಗೆಯುವುದು ಅಂಥ ಕಾರ್ಖಾನೆಗಳ ಕೆಲಸಗಳಲ್ಲಿ ಒಂದಾಗಿತ್ತು. ರೋಗದ ಕಾರಣವು ವಿನೈಲ್ ಕ್ಲೋರೈಡ್ ಅನಿಲವೇ ಎಂದು ನಿರ್ಣಯವಾಯಿತು. ಅಲ್ಲಿಯವರೆಗೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ೫೦೦ ಭಾಗದಷ್ಟು ಇರಬಹುದೆಂದಿದ್ದ ಮಿತಿಯನ್ನು ೧೯೭೫ರಿಂದ ೧ ಭಾಗಕ್ಕೆ ಇಳಿಸಿದರು. ಸಿದ್ಧವಾದ ಹೊದಿಕೆಯ ಮೇಲೆ ಕುಳಿತವರಿಗೆ ಈ ಅನಿಲದ ಭಯವಿಲ್ಲ. ಅನಿಲವೇ ಬೇರೆ, ಅದು ಸರಪಣಿಯಾದ ಮೇಲಿನ ಪದಾರ್ಥವೇ ಬೇರೆ. ಆದರೆ ಅಗ್ಗದ ವಸ್ತುವೆಂದು ನಾವು ತಾತ್ಸಾರದಿಂದ ಎಸೆಯುವ ಈ ಹೊದಿಕೆಯ ಬೆಲೆಯಲ್ಲಿ ಕೂಲಿಕಾರರ ಆಯುಷ್ಯವೂ ಸೇರಿತ್ತೆಂಬುದನ್ನು ಮರೆಯಲಾಗದು.

ಇನ್ನು ಕೇಡಿನ ಕಾರಣಗಳನ್ನು ನೋಡೋಣ. ಮೊದಲನೆಯದು ಬಿಸಿಲು. ಬೌಮನ್ನನ ನಾಳದಲ್ಲಿ ಯಾವ ಸೂರ್ಯನು ಸರಪಣಿಗಳನ್ನು ಕಟ್ಟಿದನೋ ಅವನೇ ಮೋಟಾರಿನ ಗಾಜಿನ ಮೂಲಕ ಬಂದು ಅವುಗಳನ್ನು ಕಡಿಯುತ್ತಾನೆ. ಎರಡನೆಯದು ಶಾಖ. ೨೦೧೮ರಲ್ಲಿ ಪ್ರಕಟವಾದ ಅಮೆರಿಕದ ಅರಿಜೋನಾ ಪ್ರಾಂತದ ಅಳತೆಗಳಂತೆ, ಬೇಸಗೆಯ ಬಿಸಿಲಿನಲ್ಲಿ ಒಂದು ಗಂಟೆ ನಿಂತ ಗಾಡಿಯ ಆಸನವು ಸರಾಸರಿ ೫೦ ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದಿತ್ತು. ಅಂಥ ಶಾಖದಲ್ಲಿ ಸ್ನೇಹದ್ರವವು ಸ್ವಲ್ಪಸ್ವಲ್ಪವಾಗಿ ಆವಿಯಾಗಿ ಹೋಗುತ್ತದೆ. ಮುಂದಿನ ಗಾಜಿನ ಒಳಮೈಗೆ ಮಂಜಿನಂತೆ ಹತ್ತುವ ಜಿಡ್ಡಿನಲ್ಲಿ ಅದರ ಅಂಶವುಂಟು. ಮೂರನೆಯದು ಎಣ್ಣೆ. ತಲೆಗೆ ಎಣ್ಣೆ ಹಚ್ಚಿ ಒರಗುವ ಜಾಗದಲ್ಲಿ ಹೊದಿಕೆಯು ಬೇರೆಡೆಗಿಂತ ಮೊದಲು ಗಡುಸಾಗುವುದನ್ನು ಯಾರಾದರೂ ಕಾಣಬಹುದು. ಎಣ್ಣೆಯು ಸ್ನೇಹದ್ರವವನ್ನು ತನ್ನ ಕಡೆಗೆ ಸೆಳೆದುಕೊಳ್ಳುವುದೇ ಇದಕ್ಕೆ ಕಾರಣ. ಹೊಳಪಿಗಾಗಿ ರೆಕ್ಸಿನಿಗೆ ಕೊಬ್ಬರಿಯೆಣ್ಣೆಯನ್ನು ಸವರುವ ಪದ್ಧತಿ ಕೆಲವೆಡೆ ಇದೆ. ತೊಗಲಿಗೆ ಆಹಾರವಾದದ್ದು ವಿನೈಲಿಗೆ ಕ್ಷಯವೆಂದು ಮೇಲೆ ಸೂಚಿಸಿದ ಅಂಶವು ಇದೇ. ನಾಲ್ಕನೆಯದು ಸವೆತ, ಹತ್ತಿ ಇಳಿಯುವಾಗ ಮೈ ತಾಗುವ ಅಂಚಿನಲ್ಲಿ ಇದು ಹೆಚ್ಚು.

ಜೀರ್ಣೋದ್ಧಾರದ ಕ್ರಮವು ಈ ಕಾರಣಗಳಿಂದಲೇ ಹೊರಡುತ್ತದೆ. ಮೊದಲು ಪರೀಕ್ಷೆ. ಗಾಯದ ಸುತ್ತಲಿನ ಹೊದಿಕೆಯನ್ನು ಬೆರಳಿನಿಂದ ಹಿಂಡಿ ನೋಡಬೇಕು. ಅದು ಮೃದುವಾಗಿ ಬಾಗಿದರೆ ಚಿಕಿತ್ಸೆಯು ಫಲಿಸುವುದು. ಹಪ್ಪಳದಂತೆ ಮುರಿದರೆ ಅಲ್ಲಿ ಸ್ನೇಹವು ಪೂರ್ತಿ ಹೋಗಿದೆ. ಒಂದು ಕಡೆ ತೇಪೆ ಹಾಕಿದರೆ ಪಕ್ಕದಲ್ಲಿ ಬಿರಿಯುವುದು. ಅಂಥಲ್ಲಿ ಆ ತುಂಡನ್ನು ಮಾತ್ರ ಹೊಲಿಗೆ ಬಿಚ್ಚಿ ತೆಗೆದು, ಅದನ್ನೇ ಅಳತೆಯಾಗಿಟ್ಟು ಹೊಸ ರೆಕ್ಸಿನನ್ನು ಕತ್ತರಿಸಿ ಜೋಡಿಸಬೇಕು. ಆಸನವನ್ನೆಲ್ಲ ಬದಲಿಸುವ ಅಗತ್ಯವಿಲ್ಲ. ಮೇಲಿನ ತೆಳುಪದರವು ಪೊರೆಯಂತೆ ಸುಲಿದು ಉದುರುತ್ತಿದ್ದರೆ ಅದು ಬಹುಶಃ ವಿನೈಲೇ ಅಲ್ಲ, ಪಾಲಿಯುರಿಥೇನ್ ಎಂಬ ಬೇರೊಂದು ಪದಾರ್ಥ. ಅದು ಗಾಳಿಯ ತೇವದಿಂದ ಶಿಥಿಲವಾಗುವಂಥದು. ಅದಕ್ಕೆ ತೇಪೆ ನಿಲ್ಲದು.

ಎರಡನೆಯದು ಶುದ್ಧಿ. ಸೌಮ್ಯವಾದ ಸಾಬೂನಿನ ನೀರಿನಲ್ಲಿ ಮೆತ್ತನೆಯ ಬಟ್ಟೆಯನ್ನು ಅದ್ದಿ ಹಿಂಡಿ, ಕೊಳೆಯನ್ನೂ ಹಳೆಯ ಹೊಳಪೆಣ್ಣೆಯನ್ನೂ ಒರಸಿ ತೆಗೆದು ಪೂರ್ತಿ ಒಣಗಲು ಬಿಡಬೇಕು. ಪೆಟ್ರೋಲು, ತಿನ್ನರು ಮೊದಲಾದವುಗಳನ್ನು ಮುಟ್ಟಿಸಕೂಡದು. ಅವು ಕೊಳೆಯೊಂದಿಗೆ ಸ್ನೇಹದ್ರವವನ್ನೂ ಒಯ್ಯುತ್ತವೆ.

ಮೂರನೆಯದು ಒಳಗಿನ ಆಧಾರ. ವಿನೈಲಿನ ಬಲವೆಲ್ಲ ಅದರ ಬೆನ್ನಿಗಿರುವ ಬಟ್ಟೆಯಲ್ಲಿದೆ. ಸೀಳಿದಾಗ ನಿಜವಾಗಿ ಹರಿದದ್ದು ಆ ಬಟ್ಟೆ. ಮೇಲೆ ಅಂಟಿಸಿದ ಪಟ್ಟಿಯು ಬೇಗನೆ ಏಳುವುದು ಇದರಿಂದಲೇ. ಹರಿದ ಬಾಯಿಗಿಂತ ಎಲ್ಲ ಕಡೆಗೂ ಎರಡು ಬೆರಳಷ್ಟು ದೊಡ್ಡದಾದ ಗಟ್ಟಿ ಬಟ್ಟೆಯ ತುಂಡೊಂದನ್ನು, ಮೂಲೆಗಳನ್ನು ದುಂಡಗೆ ಕತ್ತರಿಸಿ, ಮೊಂಡಾದ ಚಾಕುವಿನ ಸಹಾಯದಿಂದ ಬಾಯಿಯೊಳಗೆ ತೂರಿಸಿ ಸುಕ್ಕಿಲ್ಲದಂತೆ ಹರಡಬೇಕು. ವಿನೈಲಿಗೆಂದೇ ಮಾರುವ, ಒಣಗಿದ ಮೇಲೂ ಬಾಗುವ ಅಂಟನ್ನು ಆ ಬಟ್ಟೆಗೂ ಹೊದಿಕೆಯ ಒಳಮೈಗೂ ತೆಳುವಾಗಿ ಸವರಿ, ಅಂಚುಗಳನ್ನು ಎಳೆಯದೆ ಎದುರುಬದುರಾಗಿ ಕೂಡಿಸಿ, ಮೇಲೆ ಹಲಗೆಯನ್ನಿಟ್ಟು ಭಾರ ಹೇರಿ, ಅಂಟಿನ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಬೇಕು. ಒಣಗಿ ಕಲ್ಲಾಗುವ ಅಂಟು ಇಲ್ಲಿ ನಿಷ್ಪ್ರಯೋಜಕ. ಕುಳಿತಾಗಲೆಲ್ಲ ಬಾಗುವ ಜಾಗದಲ್ಲಿ ಬಾಗದ ಅಂಟು ಹೊಸ ಬಿರುಕಿಗೆ ದಾರಿಯಾಗುತ್ತದೆ.

ನಾಲ್ಕನೆಯದು ಮೇಲ್ಮೈ. ಕೂಡಿದ ಗೆರೆಯ ತಗ್ಗನ್ನು ವಿನೈಲ್ ಮೆತ್ತಿನಿಂದ ತುಂಬಬೇಕು. ಒಂದೇ ಸಲ ದಪ್ಪವಾಗಿ ತುಂಬಿದರೆ ಒಣಗುವಾಗ ಕುಗ್ಗಿ ಹಳ್ಳ ಬೀಳುವುದು. ಆದುದರಿಂದ ತೆಳುವಾದ ಪದರಗಳನ್ನು ಒಂದು ಒಣಗಿದ ಮೇಲೆ ಮತ್ತೊಂದರಂತೆ ಹಾಕಬೇಕು. ಕಡೆಯ ಪದರವು ಹಸಿಯಿರುವಾಗ, ತೊಗಲಿನ ಗೆರೆಗಳನ್ನು ಮೂಡಿಸಿದ ಕಾಗದವನ್ನು ಒತ್ತಿ ತೆಗೆದರೆ ಸುತ್ತಲಿನ ಮೈಯನ್ನು ಹೋಲುವುದು. ಶಾಖದಿಂದ ಗಟ್ಟಿಯಾಗುವ ಮೆತ್ತುಗಳೂ ಉಂಟು. ಅವುಗಳಿಗೆ ಅದಕ್ಕೆಂದೇ ಇರುವ ಸಾಧನವನ್ನು ಗೆರೆಕಾಗದದ ಮೇಲಿಟ್ಟು ಕಾಯಿಸಬೇಕೇ ಹೊರತು, ಮನೆಯ ಇಸ್ತ್ರಿಪೆಟ್ಟಿಗೆಯನ್ನು ನೇರವಾಗಿ ಮುಟ್ಟಿಸಿದರೆ ಆಸನವೇ ಕರಗಿಹೋದೀತು. ಕೊನೆಗೆ ವಿನೈಲಿಗೆ ತಕ್ಕ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಕೊಡುವುದು.

ಹೊಲಿಗೆಯೇ ಬಿಟ್ಟಿದ್ದರೆ ಅಂಟು ಬೇಡ. ಡೊಂಕಾದ ಸೂಜಿಯಲ್ಲಿ ಪಾಲಿಯೆಸ್ಟರ್ ದಾರವನ್ನು ಪೋಣಿಸಿ ಹಳೆಯ ರಂಧ್ರಗಳಲ್ಲಿಯೇ ಹಾಯಿಸಬೇಕು. ಹೊಸ ರಂಧ್ರಗಳನ್ನು ಸಾಲಾಗಿ ಮಾಡಿದರೆ ಅಂಚೆಚೀಟಿಯ ಅಂಚಿನಂತೆ ಅಲ್ಲಿಯೇ ಹರಿಯುವುದು. ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಈಚಿನ ಅನೇಕ ಗಾಡಿಗಳಲ್ಲಿ ಅಪಘಾತದ ಸಮಯಕ್ಕೆ ಉಬ್ಬಿ ಕಾಪಾಡುವ ಗಾಳಿಚೀಲವು ಆಸನದ ಪಕ್ಕದೊಳಗೆ ಅಡಗಿರುತ್ತದೆ. ಅದು ಹೊರಬರಲೆಂದೇ ಅಲ್ಲಿಯ ಹೊಲಿಗೆಯನ್ನು ಸಡಿಲವಾಗಿಟ್ಟಿರುತ್ತಾರೆ. ಆ ಭಾಗವನ್ನು ಮನೆಯಲ್ಲಿ ಹೊಲಿಯುವುದಾಗಲಿ ಅಂಟಿಸುವುದಾಗಲಿ ಪ್ರಾಣಾಪಾಯಕ್ಕೆ ಕಾರಣವಾದೀತು, ಬಲ್ಲವರಿಗೇ ಒಪ್ಪಿಸತಕ್ಕದ್ದು.

ಇಷ್ಟೆಲ್ಲ ಶ್ರಮವೇಕೆ, ಹೊಸದನ್ನು ಹಾಕಿಸಬಾರದೆ ಎಂದು ಕೇಳುವವರಿಗೆ ಚರಿತ್ರೆಯೇ ಉತ್ತರ ಕೊಡುತ್ತದೆ. ಮೇಣಗಪಡವೂ ತೊಗಲೂ ಹಿತ್ತಿಲಿನ ತಿಪ್ಪೆಯಲ್ಲಿ ಬಿದ್ದರೆ ಕಾಲಕ್ರಮದಲ್ಲಿ ಮಣ್ಣಾಗುತ್ತವೆ. ವಿನೈಲು ಹಾಗಲ್ಲ, ಆಸನವಾಗಿ ಸತ್ತ ಮೇಲೂ ಪದಾರ್ಥವಾಗಿ ಸಾಯದು. ಸ್ನೇಹದ್ರವ ಬೆರೆಯದ ಶುದ್ಧ ವಿನೈಲಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕ್ಲೋರಿನ್. ಆದುದರಿಂದ ಬೀದಿಯ ಕಸದೊಂದಿಗೆ ಸುಟ್ಟರೆ ಉಸಿರನ್ನು ಕೊರೆಯುವ ಆಮ್ಲದ ಹೊಗೆಯೂ, ಡಯಾಕ್ಸಿನ್ ಎಂಬ ದೀರ್ಘಕಾಲದ ವಿಷವೂ ಹುಟ್ಟುತ್ತವೆ. ಹುಟ್ಟುವಾಗ ಕಾರ್ಖಾನೆಯ ಕೂಲಿಕಾರನನ್ನು ಪೀಡಿಸಿದ್ದು, ಸುಡುವಾಗ ಬೀದಿಯ ಮಕ್ಕಳನ್ನು ಪೀಡಿಸದಿರಲೆಂದರೆ, ಈ ಎರಡರ ನಡುವಿನ ಅದರ ಬಾಳನ್ನು ಆದಷ್ಟು ದೀರ್ಘಗೊಳಿಸುವುದೊಂದೇ ಗೃಹಸ್ಥನ ಕೈಯಲ್ಲಿರುವ ಉಪಾಯ. ನಮ್ಮ ಹಿರಿಯರು ಹೊಸ ಗುಡಿಯನ್ನು ಕಟ್ಟಿಸುವುದಕ್ಕಿಂತ ಜೀರ್ಣವಾದುದನ್ನು ಉದ್ಧರಿಸುವುದಕ್ಕೆ ಹೆಚ್ಚಿನ ಪುಣ್ಯವನ್ನು ಹೇಳಿದರು. ಆ ಮಾತು ಕಲ್ಲಿನ ಗುಡಿಗೆ ಮಾತ್ರ ಸಲ್ಲುವುದೆಂದು ಭಾವಿಸಬೇಕಾಗಿಲ್ಲ. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸುವುದು, ಒರಗುವೆಡೆಗೆ ಒಗೆದ ಬಟ್ಟೆಯನ್ನು ಹಾಸುವುದು, ಬಿರುಕು ಬೆರಳಗಲವಾಗುವುದಕ್ಕೆ ಮುನ್ನವೇ ಅದರ ಬೆನ್ನಿಗೆ ಬಟ್ಟೆಯನ್ನು ಕೊಡುವುದು, ಇವು ಮೂರೂ ಯಾರಿಗೂ ಅಸಾಧ್ಯವಾದ ಕೆಲಸಗಳಲ್ಲ.